ಸೋತವನಿಗೆ ಯಾಕೆ ಪ್ರೈಜು? ಲೂಕಾ ಮೊಡ್ರಿಚ್ ಮತ್ತು ಮಿಡ್‌ಫೀಲ್ಡರ್ ಕೆಲಸ

2018ರ ಜುಲೈ 15. ಮಾಸ್ಕೋದ ಲುಜ್ನಿಕಿ ಸ್ಟೇಡಿಯಂನಲ್ಲಿ ಧೋ ಅಂತ ಮಳೆ. ಫುಟ್‌ಬಾಲ್ ವಿಶ್ವಕಪ್ ಫೈನಲ್ ಆಗಷ್ಟೇ ಮುಗಿದಿತ್ತು. ಫ್ರಾನ್ಸ್ 4–2 ಗೋಲುಗಳಿಂದ ಕ್ರೊಯೇಷ್ಯಾವನ್ನು ಸೋಲಿಸಿತ್ತು. ಕ್ರೊಯೇಷ್ಯಾದ ಅಧ್ಯಕ್ಷೆ ಕೊಲಿಂಡಾ ಗ್ರಾಬರ್-ಕಿಟಾರೊವಿಚ್ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತು, ಆಟಗಾರರನ್ನು ಒಬ್ಬೊಬ್ಬರಾಗಿ ತಬ್ಬಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕೂದಲಿಗೆ ಬ್ಯಾಂಡ್ ಕಟ್ಟಿದ ಒಬ್ಬ ಸಣಕಲ ಮನುಷ್ಯ ಬಂದು, ಇಡೀ ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ 'ಗೋಲ್ಡನ್ ಬಾಲ್' ಇಸಕೊಂಡ. ಮುಖದಲ್ಲಿ ಒಂಚೂರೂ ನಗು ಇರಲಿಲ್ಲ.

ನಮ್ಮಮ್ಮ ಅಲ್ಲಿವರೆಗೂ ಸುಮ್ನೆ ನೋಡ್ತಾ ಇದ್ದವರು ಆಗ ಕೇಳಿದರು: "ಇವನು ಸೋತ ಟೀಮಿನವನಲ್ವಾ? ಸೋತವನಿಗೆ ಯಾಕೆ ಪ್ರೈಜು? ಎಷ್ಟು ಗೋಲು ಹೊಡೆದಿದಾನೆ?"

ಎರಡು, ಅಂದೆ. ಇಡೀ ವಿಶ್ವಕಪ್‌ನಲ್ಲಿ ಎರಡೇ ಎರಡು. ಅದರಲ್ಲಿ ಒಂದು ಪೆನಾಲ್ಟಿ, ಅಂದರೆ ಗೋಲ್‌ಕೀಪರ್ ಒಬ್ಬನನ್ನೇ ಎದುರಿಗಿಟ್ಟುಕೊಂಡು ಹೊಡೆಯುವ ಒದೆತ.

"ಎರಡಕ್ಕೇನಾ?"

ಅವತ್ತು ನಾನು ಕೊಟ್ಟ ಉತ್ತರ ಅವರಿಗೆ ಸಮಾಧಾನ ತರಲಿಲ್ಲ. ನನಗೂ ತರಲಿಲ್ಲ ಅನ್ನಿ. ವಿಶ್ವಕಪ್ ಬಂದಾಗೆಲ್ಲ ಹೊಸದಾಗಿ ಫುಟ್‌ಬಾಲ್ ನೋಡಲು ಕೂರುವವರು ಇದೇ ಪ್ರಶ್ನೆ ಕೇಳುತ್ತಾರೆ. ಹಾಗಾಗಿ ಲೂಕಾ ಮೊಡ್ರಿಚ್ ಎಂಬ ಆ ಮನುಷ್ಯನ ವೃತ್ತಿಜೀವನವನ್ನೇ ಹಿಡಿದುಕೊಂಡು ಇದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಮಿಡ್‌ಫೀಲ್ಡರ್ ಅಂದರೆ ಯಾರು?

ಫುಟ್‌ಬಾಲ್‌ನಲ್ಲಿ ಒಂದು ಕಡೆ ಹನ್ನೊಂದು ಜನ. ಒಬ್ಬ ಗೋಲ್‌ಕೀಪರ್. ಅವನ ಮುಂದೆ ಡಿಫೆಂಡರ್‌ಗಳು, ಎದುರಾಳಿ ಬಂದು ಗೋಲು ಹೊಡೆಯದಂತೆ ತಡೆಯುವವರು. ತೀರಾ ಮುಂದೆ ಸ್ಟ್ರೈಕರ್ ಅಥವಾ ಫಾರ್ವರ್ಡ್‌ಗಳು, ಗೋಲು ಹೊಡೆಯುವವರು. ಇವರಿಬ್ಬರ ನಡುವೆ ಇರುವವರೇ ಮಿಡ್‌ಫೀಲ್ಡರ್‌ಗಳು. ಸಾಮಾನ್ಯವಾಗಿ ಮೂರರಿಂದ ಐದು ಜನ.

ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಹಿಂದಿನವರ ಹತ್ತಿರ ಬಾಲ್ ಇದೆ, ಮುಂದಿನವರಿಗೆ ಬೇಕು. ನಡುವೆ ಎದುರಾಳಿಗಳು ತುಂಬಿಕೊಂಡಿದ್ದಾರೆ. ಬಾಲನ್ನು ಆ ಜನಜಂಗುಳಿ ದಾಟಿಸಬೇಕು, ಅದೂ ಮುಂದಿನವನಿಗೆ ಆಡಲು ಅನುಕೂಲ ಆಗುವ ಹಾಗೆ. ಬಾಲ್ ಕಳೆದುಕೊಂಡರೆ ಓಡಿ ಹೋಗಿ ಕಿತ್ಕೊಬೇಕು.

ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಒಳಗೆ ಅಡುಗೆಯವರು ಚೆನ್ನಾಗಿ ಮಾಡಿಟ್ಟಿದ್ದಾರೆ. ಹೊರಗೆ ಇನ್ನೂರು ಎಲೆ ಹಾಕಿದೆ. ನಡುವೆ ಒಬ್ಬ ಇರ್ತಾನೆ. ಕೈಯಲ್ಲಿ ಬಕೆಟ್ ಇರಲೂಬಹುದು, ಇಲ್ಲದೇ ಇರಲೂಬಹುದು. ಯಾವ ಸಾಲಿಗೆ ಸಾರು ಹೋಗಿಲ್ಲ, ಎಲ್ಲಿ ಅನ್ನ ಮುಗೀತಾ ಬಂತು, ಪಾಯಸ ಈಗಲೇ ಬಿಡಬೇಕಾ ಇನ್ನೊಂದು ನಿಮಿಷ ತಡೀಬೇಕಾ, ಎಲ್ಲ ಅವನ ಕಣ್ಣಲ್ಲಿರುತ್ತದೆ. ಅವನು ಸರಿಯಾಗಿದ್ದರೆ ಊಟ ಸಲೀಸಾಗಿ ಸಾಗುತ್ತದೆ, ಹೊಗಳಿಕೆ ಅಡುಗೆಯವರಿಗೆ ಹೋಗುತ್ತದೆ. ಅವನು ತಪ್ಪಿದರೆ ಪಾಯಸದ ಎಲೆಗೆ ಸಾರು ಬೀಳುತ್ತದೆ. ಮೊಡ್ರಿಚ್ ಮಾಡುವುದು ಹೆಚ್ಚುಕಮ್ಮಿ ಈ ಕೆಲಸ, ಓಡುತ್ತಾ, ಯಾರೋ ಕಾಲಿಗೆ ಅಡ್ಡ ಬರ್ತಾ ಇರುವಾಗ.

ಮಿಡ್‌ಫೀಲ್ಡರ್‌ಗಳಲ್ಲೂ ಬಗೆಗಳಿವೆ. ಹಳೇ ಜೆರ್ಸಿ ನಂಬರ್‌ಗಳಿಂದಲೇ ಅವನ್ನು ಕರೆಯುವುದು ರೂಢಿ. 'ಆರು' ಅಂದರೆ ಡಿಫೆಂಡರ್‌ಗಳ ಮುಂದೆ ಕಾವಲು ನಿಲ್ಲುವವನು. 'ಹತ್ತು' ಅಂದರೆ ಸ್ಟ್ರೈಕರ್ ಹಿಂದೆಯೇ ಇದ್ದು ಗೋಲಿನ ದಾರಿ ಹುಡುಕುವವನು. ಇವೆರಡರ ಮಧ್ಯೆ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ಎರಡೂ ಕೆಲಸಕ್ಕೆ ಕೈ ಹಾಕುವವನು 'ಎಂಟು'. ಮೊಡ್ರಿಚ್ ಬೆನ್ನ ಮೇಲೆ ಬಹಳ ವರ್ಷ 10 ಅಂತ ಇತ್ತು. ಆಟ ಮಾತ್ರ ಎಂಟರದ್ದು.

ಬಾಲ್ ಬರುವ ಮೊದಲೇ ನೋಡಬೇಕು

90 ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಬಾಲ್ ಇರುವುದು ಎರಡು-ಮೂರು ನಿಮಿಷ ಮಾತ್ರ. ಮಿಕ್ಕ ಹೊತ್ತೆಲ್ಲ ಏನು ಮಾಡ್ತಾನೆ? ಮಿಡ್‌ಫೀಲ್ಡರ್‌ನ ಅಸಲಿ ಕೆಲಸ ಇರುವುದೇ ಆ ಮಿಕ್ಕ ಹೊತ್ತಿನಲ್ಲಿ.

ಟಿವಿಯಲ್ಲಿ ಕ್ಯಾಮೆರಾ ಬಾಲಿನ ಹಿಂದೆ ಓಡುತ್ತದೆ, ಹಾಗಾಗಿ ಇದು ಕಾಣುವುದು ಕಡಿಮೆ. ಮೊಡ್ರಿಚ್‌ನನ್ನೇ ನೋಡಿ. ಬಾಲ್ ಇನ್ನೂ ಮೂವತ್ತು ಮೀಟರ್ ದೂರದಲ್ಲಿದೆ. ಅವನು ಎಡ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನೆ. ಎರಡು ಹೆಜ್ಜೆ ಇಟ್ಟು ಬಲ ಭುಜದ ಮೇಲಿಂದ ಇನ್ನೊಮ್ಮೆ. ಬಾಲ್ ಹೊರಟಿತು; ಅದು ದಾರಿಯಲ್ಲಿರುವಾಗ ಮತ್ತೊಂದು ಸಲ. ಕಾಲಿಗೆ ಬರುವ ಹೊತ್ತಿಗೆ ಹಿಂದೆ ಯಾರಿದ್ದಾರೆ, ಎಷ್ಟು ದೂರ, ಯಾವ ಕಡೆ ಜಾಗ ಇದೆ ಎಲ್ಲ ಗೊತ್ತಾಗಿರುತ್ತದೆ. ಇದಕ್ಕೆ 'ಸ್ಕ್ಯಾನಿಂಗ್' ಅನ್ನುತ್ತಾರೆ. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಸಂಶೋಧಕರು ಆಟಗಾರರ ತಲೆ ಎಷ್ಟು ಸಲ ತಿರುಗುತ್ತದೆ ಅಂತ ವರ್ಷಗಟ್ಟಲೆ ಎಣಿಸಿದ್ದಾರೆ. ಜಾಸ್ತಿ ಸಲ ನೋಡುವವರ ಪಾಸ್‌ಗಳು ಜಾಸ್ತಿ ಸರಿಯಾಗಿ ತಲುಪುತ್ತವೆ ಅನ್ನುವುದು ಅವರು ಕಂಡುಕೊಂಡದ್ದು.

ತುಂಬಿದ ಬಸ್ಸಿನ ಕಂಡಕ್ಟರ್ ಹಾಗೆ. ಕೈ ಟಿಕೆಟ್ ಕೊಡ್ತಾ ಇರುತ್ತದೆ, ಆದರೆ ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಟಿಕೆಟ್ ತಗೊಂಡಿಲ್ಲ ಅನ್ನುವುದು ತಲೆಯಲ್ಲಿ ಇರುತ್ತದೆ.

ಇನ್ನೊಂದು ಸಣ್ಣ ವಿಷಯ, ನನಗೆ ತುಂಬ ಇಷ್ಟವಾದದ್ದು. ಮೊಡ್ರಿಚ್ ಬಾಲ್ ಇಸಕೊಳ್ಳುವಾಗ ಅದಕ್ಕೆ ಪೂರ್ತಿ ಮುಖ ಕೊಟ್ಟು ನಿಲ್ಲುವುದು ಕಡಿಮೆ. ಮೈ ಅರ್ಧ ಓರೆಯಾಗಿರುತ್ತದೆ. ಒಂದು ಕಣ್ಣು ಬಾಲಿನ ಕಡೆ, ಇನ್ನೊಂದು ಮುಂದಿನ ಮೈದಾನದ ಕಡೆ ಅನ್ನುವ ಹಾಗೆ. ಪೂರ್ತಿ ಎದುರಾಗಿ ನಿಂತವನು ಬಾಲ್ ನಿಲ್ಲಿಸಿ, ತಿರುಗಿ, ಆಮೇಲೆ ನೋಡಬೇಕು. ಓರೆಯಾಗಿ ನಿಂತವನು ಮೊದಲ ಟಚ್‌ನಲ್ಲೇ ಮುಂದಕ್ಕೆ ಹೊರಟುಬಿಡುತ್ತಾನೆ. ಉಳಿಯುವುದು ಅರ್ಧ ಸೆಕೆಂಡ್ ಇರಬಹುದು. ಆ ಅರ್ಧ ಸೆಕೆಂಡ್ ಇದ್ದರೆ ಎದುರಾಳಿಯ ಕಾಲು ತಲುಪುವ ಮೊದಲೇ ಬಾಲ್ ಹೋಗಿರುತ್ತದೆ.

ಹೋಟೆಲ್ ಪಾರ್ಕಿಂಗ್ ಜಾಗದಿಂದ

ಮೊಡ್ರಿಚ್ ಹುಟ್ಟಿದ್ದು 1985ರ ಸೆಪ್ಟೆಂಬರ್ 9ರಂದು, ಕ್ರೊಯೇಷ್ಯಾದ ಕರಾವಳಿ ಊರು ಜಾಡರ್‌ನಲ್ಲಿ. ಆಗ ಅದು ಯುಗೊಸ್ಲಾವಿಯಾದ ಭಾಗ. ಮನೆ ಇದ್ದದ್ದು ವೆಲೆಬಿಟ್ ಬೆಟ್ಟದ ತಪ್ಪಲಿನ ಒಂದು ಹಟ್ಟಿಯಲ್ಲಿ. ಐದು ವರ್ಷದ ಹುಡುಗ ದಪ್ಪ ಜಾಕೆಟ್ ಹಾಕಿಕೊಂಡು ಕೋಲು ಹಿಡಿದು ಮೇಕೆ ಕಾಯುತ್ತಿರುವ ಹಳೇ ವಿಡಿಯೊ ಒಂದಿದೆ. ಆ ಹುಡುಗ ಇವನೇ.

1991ರಲ್ಲಿ ಯುಗೊಸ್ಲಾವಿಯಾ ಒಡೆಯಿತು, ಯುದ್ಧ ಶುರುವಾಯಿತು. ಅವನ ತಾತನನ್ನು ಆ ಡಿಸೆಂಬರ್‌ನಲ್ಲಿ ಸರ್ಬ್ ಬಂಡುಕೋರರು ಕೊಂದರು. ತಾತನ ಹೆಸರೂ ಲೂಕಾ ಅಂತಲೇ. ಮನೆ ಸುಟ್ಟುಹೋಯಿತು. ಕುಟುಂಬ ಜಾಡರ್‌ಗೆ ಓಡಿ ಬಂದು, ನಿರಾಶ್ರಿತರಿಗೆ ಬಿಟ್ಟುಕೊಟ್ಟಿದ್ದ ಕೊಲೊವಾರೆ ಎಂಬ ಹೋಟೆಲ್‌ನಲ್ಲಿ ವರ್ಷಗಟ್ಟಲೆ ಇತ್ತು. ಅಪ್ಪ ಸೈನ್ಯ ಸೇರಿದ. ಹುಡುಗ ಹೋಟೆಲ್ ಪಾರ್ಕಿಂಗ್ ಜಾಗದಲ್ಲಿ ಬಾಲ್ ಒದೆಯುತ್ತಾ ಬೆಳೆದ.

ಜಾಡರ್ ಕ್ಲಬ್‌ನಲ್ಲಿ ತೊಮಿಸ್ಲಾವ್ ಬಾಶಿಚ್ ಎಂಬ ಕೋಚ್ ಅವನನ್ನು ಕೈಹಿಡಿದು ಬೆಳೆಸಿದರು. ಆದರೆ ಆ ಭಾಗದ ದೊಡ್ಡ ಕ್ಲಬ್ ಹೈಡುಕ್ ಸ್ಪ್ಲಿಟ್, ತೀರಾ ಸಣ್ಣಾಳು ಅಂತ ವಾಪಸ್ ಕಳಿಸಿತು. ಈಗಲೂ ಅವನ ಎತ್ತರ 172 ಸೆಂಟಿಮೀಟರ್ ಅಷ್ಟೇ. ಮುಂದೆ 16ನೇ ವಯಸ್ಸಿಗೆ ರಾಜಧಾನಿಯ ಡಿನಾಮೊ ಜಾಗ್ರೆಬ್ ಕ್ಲಬ್ ಅವನನ್ನು ಸೇರಿಸಿಕೊಂಡಿತು.

ಲೋನ್ ಅಂದರೆ ಡೆಪ್ಯುಟೇಷನ್

ಡಿನಾಮೊ ಸೇರಿದ ಕೂಡಲೇ ಅವನಿಗೆ ಅಲ್ಲಿ ಆಡಲು ಸಿಗಲಿಲ್ಲ. 2003ರಲ್ಲಿ ಕ್ಲಬ್ ಅವನನ್ನು ಪಕ್ಕದ ದೇಶ ಬೋಸ್ನಿಯಾದ ಝ್ರಿನ್‌ಸ್ಕಿ ಮೊಸ್ಟಾರ್ ಕ್ಲಬ್‌ಗೆ 'ಲೋನ್' ಮೇಲೆ ಕಳಿಸಿತು.

ಲೋನ್ ಅಂದರೆ ಬ್ಯಾಂಕ್ ಸಾಲ ಅಲ್ಲ. ಸರ್ಕಾರಿ ಕೆಲಸದಲ್ಲಿ ಡೆಪ್ಯುಟೇಷನ್ ಇರುತ್ತಲ್ಲ, ಹಾಗೆ. ನೌಕರ ಮೂಲ ಇಲಾಖೆಯವನೇ, ಸ್ವಲ್ಪ ಕಾಲ ಬೇರೆ ಕಡೆ ಹೋಗಿ ಕೆಲಸ ಮಾಡ್ತಾನೆ, ಅವಧಿ ಮುಗಿದ ಮೇಲೆ ವಾಪಸ್. ದೊಡ್ಡ ಕ್ಲಬ್‌ನ ಬೆಂಚಿನ ಮೇಲೆ ಕೂತು ಕೊಳೆಯುವ ಬದಲು ಹುಡುಗ ಎಲ್ಲಾದರೂ ಆಡಿ ಗಟ್ಟಿಯಾಗಲಿ ಅನ್ನುವುದು ಲೆಕ್ಕ. ಬೋಸ್ನಿಯಾದ ಲೀಗ್ ಆಗ ಒರಟು. ಕೆಟ್ಟ ಮೈದಾನ, ಕಾಲಿಗೇ ಬೀಳುವ ಡಿಫೆಂಡರ್‌ಗಳು. ಅಲ್ಲಿ 18ರ ಹುಡುಗ ವರ್ಷದ ಆಟಗಾರ ಅನ್ನಿಸಿಕೊಂಡ. ಅಲ್ಲಿ ಆಡಿದವನು ಎಲ್ಲಿ ಬೇಕಾದರೂ ಆಡಬಲ್ಲ ಅಂತ ಅವನೇ ಮುಂದೆ ಹೇಳಿದ್ದುಂಟು. ಆಮೇಲೆ ಇಂಟರ್ ಜಾಪ್ರೆಶಿಚ್‌ನಲ್ಲಿ ಇನ್ನೊಂದು ಲೋನ್. 2005ರಲ್ಲಿ ಡಿನಾಮೊಗೆ ವಾಪಸ್ ಬಂದವನು ಮೂರು ವರ್ಷದಲ್ಲಿ ಮೂರು ಲೀಗ್ ಪ್ರಶಸ್ತಿ ಗೆದ್ದ.

ಟ್ರಾನ್ಸ್‌ಫರ್ ದುಡ್ಡು ಯಾರ ಜೇಬಿಗೆ?

2008ರಲ್ಲಿ ಲಂಡನ್‌ನ ಟಾಟನ್‌ಹ್ಯಾಮ್ ಕ್ಲಬ್ ಮೊಡ್ರಿಚ್‌ನನ್ನು ಸುಮಾರು 1.65 ಕೋಟಿ ಪೌಂಡ್ ಕೊಟ್ಟು ಕೊಂಡುಕೊಂಡಿತು. 'ಕೊಂಡುಕೊಂಡಿತು' ಅಂದಾಗ ಎಷ್ಟೋ ಜನ ಆ ದುಡ್ಡು ಆಟಗಾರನಿಗೆ ಸಿಗುತ್ತದೆ ಅಂದುಕೊಳ್ಳುತ್ತಾರೆ. ಐಪಿಎಲ್ ಹರಾಜು ನೋಡಿ ಅಭ್ಯಾಸ ಆಗಿರುವ ನಮಗೆ ಹಾಗನ್ನಿಸುವುದು ಸಹಜ. ಐಪಿಎಲ್‌ನಲ್ಲಿ ಹರಾಜಿನ ಮೊತ್ತವೇ ಆಟಗಾರನ ಸಂಬಳ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಟ್ರಾನ್ಸ್‌ಫರ್ ದುಡ್ಡು ಹೋಗುವುದು ಹಳೇ ಕ್ಲಬ್‌ಗೆ. ಆಟಗಾರನ ಸಂಬಳ ಬೇರೆ, ಅದನ್ನು ಹೊಸ ಕ್ಲಬ್ ಜೊತೆ ಪ್ರತ್ಯೇಕವಾಗಿ ಮಾತಾಡಿಕೊಳ್ಳಬೇಕು.

ಹಳೇ ಕ್ಲಬ್‌ಗೆ ಯಾಕೆ ದುಡ್ಡು? ಆಟಗಾರ ಇಷ್ಟು ವರ್ಷ ನಿಮ್ಮಲ್ಲೇ ಆಡ್ತೀನಿ ಅಂತ ಕರಾರು ಬರೆದುಕೊಟ್ಟಿರುತ್ತಾನೆ. ಅದನ್ನು ಮಧ್ಯದಲ್ಲೇ ಮುರಿದು ಕರೆದುಕೊಂಡು ಹೋಗುವುದಕ್ಕೆ ಕೊಡುವ ಬೆಲೆ ಅದು. ಹಾಗಾಗಿ ಕರಾರು ಎಷ್ಟು ಉದ್ದ ಉಳಿದಿದೆಯೋ ಕ್ಲಬ್‌ನ ಕೈ ಅಷ್ಟು ಮೇಲೆ. ಮೊಡ್ರಿಚ್‌ಗೇ ಇದು ಅನುಭವ ಆಯಿತು. 2010ರಲ್ಲಿ ಅವನು ಟಾಟನ್‌ಹ್ಯಾಮ್ ಜೊತೆ ಆರು ವರ್ಷದ ಹೊಸ ಕರಾರಿಗೆ ಸಹಿ ಹಾಕಿದ್ದ. 2011ರಲ್ಲಿ ಲಂಡನ್‌ನದೇ ಇನ್ನೊಂದು ಕ್ಲಬ್ ಚೆಲ್ಸಿ ಅವನಿಗಾಗಿ ಮತ್ತೆ ಮತ್ತೆ ದುಡ್ಡು ಏರಿಸುತ್ತಾ ಬಂತು, ಅವನಿಗೂ ಹೋಗುವ ಮನಸ್ಸಿತ್ತು. ಟಾಟನ್‌ಹ್ಯಾಮ್ ಮುಖ್ಯಸ್ಥ ಡೇನಿಯಲ್ ಲೆವಿ ಆಗಲ್ಲ ಅಂದರೆ ಆಗಲ್ಲ ಅಂದುಬಿಟ್ಟರು. ಅವನು ಇನ್ನೊಂದು ವರ್ಷ ಅಲ್ಲೇ ಆಡಿದ.

ಕರಾರು ಮುಗಿದುಹೋದರೆ? ಆಗ ಆಟಗಾರ ಸ್ವತಂತ್ರ, ಯಾರೂ ಯಾರಿಗೂ ಬಿಡಿಗಾಸು ಕೊಡಬೇಕಿಲ್ಲ. ಈಗ ಇದು ಸಹಜ ಅನ್ನಿಸುತ್ತದೆ, ಮೊದಲು ಹಾಗಿರಲಿಲ್ಲ. ಜಾನ್-ಮಾರ್ಕ್ ಬೊಸ್ಮನ್ ಎಂಬ ಬೆಲ್ಜಿಯಂನ ಆಟಗಾರ, ಅವನೂ ಮಿಡ್‌ಫೀಲ್ಡರೇ, 1990ರಲ್ಲಿ ಕರಾರು ಮುಗಿದ ಮೇಲೆ ಫ್ರಾನ್ಸ್‌ನ ಕ್ಲಬ್‌ಗೆ ಹೋಗಬೇಕು ಅಂದ. ಹಳೇ ಕ್ಲಬ್ ದುಡ್ಡು ಬರದೆ ಬಿಡಲ್ಲ ಅಂತು. ಕೇಸು ಐದು ವರ್ಷ ನಡೆದು, 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಬೊಸ್ಮನ್ ಪರ ತೀರ್ಪು ಕೊಟ್ಟಿತು. 2025ರಲ್ಲಿ ಮೊಡ್ರಿಚ್ ಇಟಲಿಯ ಎಸಿ ಮಿಲಾನ್‌ಗೆ ಹೋದಾಗ ಯಾರಿಗೂ ಟ್ರಾನ್ಸ್‌ಫರ್ ದುಡ್ಡು ಕೊಡಬೇಕಾಗಲಿಲ್ಲ. ದಾರಿ ಮಾಡಿಕೊಟ್ಟದ್ದು ಆ ಕೇಸು.

ಟ್ರಾನ್ಸ್‌ಫರ್ ದುಡ್ಡಿನ ಇನ್ನೊಂದು ಮುಖವೂ ಇವನ ಬದುಕಲ್ಲೇ ಇದೆ. ಡಿನಾಮೊದ ಮುಖ್ಯಸ್ಥನಾಗಿದ್ದ ಜ್ದ್ರಾವ್ಕೊ ಮಾಮಿಚ್ ಮೇಲೆ, ಆಟಗಾರರ ಟ್ರಾನ್ಸ್‌ಫರ್‌ಗಳಿಂದ ಕ್ಲಬ್‌ಗೆ ಬರಬೇಕಾದ ದುಡ್ಡು ಹೊಡೆದ ಆರೋಪ ಬಂತು. 2017ರಲ್ಲಿ ಮೊಡ್ರಿಚ್ ಸಾಕ್ಷಿ ಹೇಳಿದ. ಮೊದಲು ತನಿಖೆಯಲ್ಲಿ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ತಾಳೆ ಆಗಲಿಲ್ಲ. ಸುಳ್ಳು ಸಾಕ್ಷಿ ಅಂತ ಅವನ ಮೇಲೂ ಕೇಸು ಬಿತ್ತು. 2018ರ ಜೂನ್‌ನಲ್ಲಿ ಮಾಮಿಚ್‌ಗೆ ಜೈಲು ಶಿಕ್ಷೆ ಆಯಿತು. ಮೊಡ್ರಿಚ್ ಮೇಲಿನ ಆರೋಪವನ್ನು ಅದೇ ವರ್ಷದ ಕೊನೆಯಲ್ಲಿ ಕೋರ್ಟ್ ಕೈಬಿಟ್ಟಿತು. ಅಂದರೆ ಅವನು ವಿಶ್ವಕಪ್ ಆಡಿದ್ದು ಈ ತೂಗುಗತ್ತಿಯ ಕೆಳಗೆ. ಸ್ವಂತ ದೇಶದಲ್ಲೇ ಎಷ್ಟೋ ಅಭಿಮಾನಿಗಳು ಅವನ ಮೇಲೆ ಸಿಟ್ಟಾಗಿದ್ದರು. ಅವನು ಬಾಲ್ಯದಲ್ಲಿ ನಿರಾಶ್ರಿತನಾಗಿ ಇದ್ದ ಒಂದು ಹೋಟೆಲ್‌ನ ಗೋಡೆ ಮೇಲೇ 'ಲೂಕಾ, ಒಂದಿನ ಇದನ್ನ ನೆನಪಿಸಿಕೊಳ್ತೀಯ' ಅಂತ ಗೀಚಿದ್ದರು.

'ವರ್ಷದ ಕೆಟ್ಟ ಖರೀದಿ'

2012ರ ಆಗಸ್ಟ್ ಕೊನೆಗೆ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ಸುಮಾರು 3 ಕೋಟಿ ಪೌಂಡ್‌ಗೆ ಅವನನ್ನು ಕರೆದುಕೊಂಡು ಹೋಯಿತು. ಬಂದ ಎರಡು ದಿನಕ್ಕೇ ಬಾರ್ಸಿಲೋನಾ ವಿರುದ್ಧದ ಸೂಪರ್ ಕಪ್ ಪಂದ್ಯದಲ್ಲಿ ಬದಲಿಯಾಗಿ ಇಳಿದ, ಕಪ್ಪೂ ಬಂತು. ಆಮೇಲೆ ಜಾಗ ಸಿಗುವುದೇ ಕಷ್ಟವಾಯಿತು. ಡಿಸೆಂಬರ್‌ನಲ್ಲಿ ಸ್ಪೇನ್‌ನ 'ಮಾರ್ಕಾ' ಪತ್ರಿಕೆ ಓದುಗರ ಮತ ಕೇಳಿತು. ಆ ಸೀಸನ್‌ನ ಅತಿ ಕೆಟ್ಟ ಖರೀದಿ ಯಾರು? ಮೊದಲ ಸ್ಥಾನ ಮೊಡ್ರಿಚ್‌ಗೆ.

ಯಾಕೆ ಹೀಗಾಯಿತು? ಹೊಸ ಸ್ಟ್ರೈಕರ್ ಬಂದರೆ ಅಳೆಯುವುದು ಸುಲಭ: ಗೋಲು ಬಂತಾ, ಇಲ್ವಾ. ಮಿಡ್‌ಫೀಲ್ಡರ್ ಕೆಲಸ ನಡೆಯುವುದು ಬೇರೆಯವರ ಜೊತೆಗಿನ ಹೊಂದಾಣಿಕೆಯಲ್ಲಿ. ಈ ಡಿಫೆಂಡರ್ ಬಾಲನ್ನು ಯಾವ ಕಾಲಿಗೆ ಕೊಡ್ತಾನೆ, ಆ ಸ್ಟ್ರೈಕರ್ ಯಾವಾಗ ಓಟ ಶುರುಮಾಡ್ತಾನೆ, ಇದೆಲ್ಲ ಅಭ್ಯಾಸದಿಂದ ಬರಬೇಕು. ಹೊಸ ಊರಿಗೆ ವರ್ಗವಾಗಿ ಬಂದ ಪೋಸ್ಟ್‌ಮ್ಯಾನ್ ಮೊದಲ ತಿಂಗಳು ನಿಧಾನ ಅಂತ ಬೈಸಿಕೊಳ್ಳುವ ಹಾಗೆ. ಮನೆಗಳು ಗೊತ್ತಾಗಬೇಕಲ್ಲ! ಜೊತೆಗೆ ಸೀಸನ್ ಮುಂಚಿನ ತಯಾರಿ ಕ್ಯಾಂಪ್ ಕೂಡ ಅವನಿಗೆ ತಪ್ಪಿತ್ತು.

2013ರ ಮಾರ್ಚ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಬದಲಿಯಾಗಿ ಬಂದು ದೂರದಿಂದ ಒಂದು ಗೋಲು ಹೊಡೆದ ಮೇಲೆ ಗಾಳಿ ತಿರುಗಿತು. 2014ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮ್ಯಾಡ್ರಿಡ್ ಸೋಲುವ ಅಂಚಿನಲ್ಲಿತ್ತು. 90 ನಿಮಿಷ ಮುಗಿದು, ಕೊಟ್ಟ ಹೆಚ್ಚುವರಿ ನಿಮಿಷಗಳೂ ಕರಗುತ್ತಿದ್ದವು. ಆಗ ಸೆರ್ಜಿಯೊ ರಾಮೊಸ್ ತಲೆ ಕೊಟ್ಟು ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಮೈದಾನದ ಮೂಲೆಯಿಂದ ಆ ಕಾರ್ನರ್ ಒದ್ದು ಬಾಲನ್ನು ಅವನ ತಲೆಗೆ ತಲುಪಿಸಿದವನು ಮೊಡ್ರಿಚ್. (ಚಾಂಪಿಯನ್ಸ್ ಲೀಗ್ ಅಂದರೆ ಯುರೋಪಿನ ಎಲ್ಲ ದೇಶಗಳ ಉತ್ತಮ ಕ್ಲಬ್‌ಗಳ ನಡುವೆ ನಡೆಯುವ ಟೂರ್ನಿ. ಕ್ಲಬ್ ಮಟ್ಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ.)

ಮೂರು ಜನ, ಮೂರು ಥರ

2014ರಲ್ಲಿ ಜರ್ಮನಿಯ ಟೋನಿ ಕ್ರೂಸ್ ಬಂದ. ಬ್ರೆಜಿಲ್‌ನ ಕ್ಯಾಸೆಮಿರೊ ಲೋನ್ ಮುಗಿಸಿ 2015ರಲ್ಲಿ ವಾಪಸಾದ. ಈ ಮೂವರ ಮಿಡ್‌ಫೀಲ್ಡ್ 2016, 2017, 2018ರಲ್ಲಿ ಸತತ ಮೂರು ಚಾಂಪಿಯನ್ಸ್ ಲೀಗ್ ಗೆದ್ದಿತು. ಕೆಲಸ ಹಂಚಿಕೊಂಡ ರೀತಿ ನೋಡಿ. ಕ್ಯಾಸೆಮಿರೊ ಹಿಂದೆ ನಿಂತು ಎದುರಾಳಿಯ ದಾಳಿ ಮುರಿಯುವವನು. ಕ್ರೂಸ್ ನಿಂತ ಜಾಗದಿಂದಲೇ ನಲವತ್ತು ಮೀಟರ್ ದೂರದ ಪಾಸ್ ಅಳೆದು ಕಳಿಸುವವನು. ಮೊಡ್ರಿಚ್ ಬಾಲನ್ನು ಕಾಲಲ್ಲಿಟ್ಟುಕೊಂಡು ಎದುರಾಳಿಗಳ ನಡುವೆ ನುಸುಳಿ ಹೋಗುವವನು. ಪಾಸ್‌ಗೆ ದಾರಿ ಇಲ್ಲದಾಗ ಅವನೇ ದಾರಿ ಮಾಡುತ್ತಿದ್ದ. ಮೂವರಲ್ಲಿ ಒಬ್ಬರನ್ನು ತೆಗೆದರೂ ಉಳಿದಿಬ್ಬರ ಆಟ ಮಂಕಾಗುತ್ತಿತ್ತು. ಆಗಿನ ಗೋಲುಗಳ ಪಟ್ಟಿ ತೆಗೆದರೆ ಸಿಗುವುದು ಬಹುಪಾಲು ಕ್ರಿಸ್ಟಿಯಾನೊ ರೊನಾಲ್ಡೊ ಹೆಸರು.

ಮ್ಯಾಡ್ರಿಡ್‌ನಲ್ಲಿ 13 ವರ್ಷದಲ್ಲಿ ಮೊಡ್ರಿಚ್ ಆಡಿದ್ದು 597 ಪಂದ್ಯ. ಹೊಡೆದದ್ದು 43 ಗೋಲು. ಗೆದ್ದದ್ದು 28 ಟ್ರೋಫಿ, ಅದರಲ್ಲಿ ಆರು ಚಾಂಪಿಯನ್ಸ್ ಲೀಗ್. ಆ ಕ್ಲಬ್‌ನ ಇತಿಹಾಸದಲ್ಲಿ ಅವನು ಬಿಡುವ ಹೊತ್ತಿಗೆ ಯಾರೂ ಅಷ್ಟು ಟ್ರೋಫಿ ಗೆದ್ದಿರಲಿಲ್ಲ. ಹೆಚ್ಚುಕಮ್ಮಿ ಹದಿನಾಲ್ಕು ಪಂದ್ಯಕ್ಕೆ ಒಂದೇ ಗೋಲು, ಟ್ರೋಫಿ ಮಾತ್ರ ವರ್ಷಕ್ಕೆ ಎರಡರ ಮೇಲೆ. ಈ ಎರಡು ಸಂಖ್ಯೆ ಪಕ್ಕ ಪಕ್ಕ ಇಟ್ಟಾಗಲೇ ನಮ್ಮಮ್ಮನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ್ದು.

ನಮ್ಮಲ್ಲೂ ಇದೇ ಕಥೆ. 1996–97ರಲ್ಲಿ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ ಜೆಸಿಟಿ ತಂಡ ಅಂದ ಕೂಡಲೇ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಹೆಸರು ಬರುತ್ತದೆ. ಅದೇ ತಂಡದ ಮಿಡ್‌ಫೀಲ್ಡ್‌ನಲ್ಲಿ ಬೆಂಗಳೂರಿನ ಕಾರ್ಲ್ಟನ್ ಚಾಪ್ಮನ್ ಇದ್ದರು. ಭಾರತ ತಂಡದ ನಾಯಕರೂ ಆಗಿದ್ದವರು. 2020ರಲ್ಲಿ ತೀರಿಕೊಂಡಾಗಲೇ ಎಷ್ಟೋ ಜನಕ್ಕೆ ಇವರು ನಮ್ಮೂರಿನವರು ಅಂತ ಗೊತ್ತಾಗಿದ್ದು.

ಕಾಲಿನ ಹೊರಬದಿಯ ಒಂದು ಪಾಸ್

ಒಂದೇ ಒಂದು ಪಾಸ್ ಬಿಡಿಸಿ ನೋಡೋಣ. 2022ರ ಏಪ್ರಿಲ್ 12, ಮ್ಯಾಡ್ರಿಡ್, ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್. ಎರಡು ಪಂದ್ಯದ ಗೋಲು ಕೂಡಿಸಿ ಗೆದ್ದವರ್ಯಾರು ಅಂತ ನೋಡುವ ಪದ್ಧತಿ. ಮೊದಲ ಪಂದ್ಯ ಮ್ಯಾಡ್ರಿಡ್ 3–1ರಿಂದ ಗೆದ್ದಿತ್ತು. ಈ ಎರಡನೆಯದರಲ್ಲಿ ಚೆಲ್ಸಿ 3–0 ಮುಂದೆ. ಒಟ್ಟು 4–3, ಹತ್ತು ನಿಮಿಷ ಬಾಕಿ, ಮ್ಯಾಡ್ರಿಡ್ ಮನೆಗೆ ಹೋಗುವುದು ಖಾಯಂ ಅನ್ನಿಸಿತ್ತು.

ಮೊಡ್ರಿಚ್‌ಗೆ ಬಾಲ್ ಸಿಕ್ಕಿದ್ದು ಎಡಭಾಗದಲ್ಲಿ. ಅವನದೇ ತಂಡದ ಫಾರ್ವರ್ಡ್ ರೊಡ್ರಿಗೊ ದೂರದಲ್ಲಿ, ಡಿಫೆಂಡರ್‌ಗಳ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಓಡುತ್ತಿದ್ದ. ನೇರ ಒದ್ದರೆ ಮಧ್ಯೆ ನಿಂತವರಿಗೆ ತಾಗುತ್ತದೆ. ಬಾಲ್ ಅವರ ತಲೆ ಮೇಲೆ ಹಾರಿ, ಬಾಗಿ, ರೊಡ್ರಿಗೊ ಓಡಿ ಬರುವ ಜಾಗಕ್ಕೇ ಇಳಿಯಬೇಕು. ಅವನು ಬಲಗಾಲಿನ ಹೊರಬದಿಯಿಂದ, ಅಂದರೆ ಕಿರುಬೆರಳಿನ ಕಡೆಯಿಂದ, ಬಾಲನ್ನು ಸವರಿದ ಹಾಗೆ ಒದ್ದ.

ಹೊರಬದಿಯಿಂದಲೇ ಯಾಕೆ? ಬಾಲನ್ನು ಒಂದು ಪಕ್ಕಕ್ಕೆ ಸವರಿದರೆ ಅದು ತನ್ನಷ್ಟಕ್ಕೆ ಗಿರಗಿರ ತಿರುಗುತ್ತದೆ. ತಿರುಗುವ ಬಾಲ್ ಗಾಳಿಯಲ್ಲಿ ಒಂದು ಕಡೆ ಬಾಗುತ್ತದೆ. ಒಳಬದಿಯಿಂದ ಒದ್ದರೆ ಒಂದು ಕಡೆ, ಹೊರಬದಿಯಿಂದ ಒದ್ದರೆ ಅದರ ಎದುರು ಕಡೆ. ಬೇಕಾದ ಬಾಗು ಒಳಬದಿಯಿಂದ ಪಡೆಯಬೇಕಾದರೆ ಅವನು ಕಾಲು ಬದಲಿಸಿ ಎಡಗಾಲಿಗೆ ಬಾಲ್ ಹಾಕಿಕೊಳ್ಳಬೇಕಿತ್ತು. ಅಷ್ಟು ಪುರುಸೊತ್ತು ಎಲ್ಲಿ? ಹೊರಬದಿಯ ಒದೆತದಲ್ಲಿ ಇನ್ನೊಂದು ಲಾಭ ಇದೆ. ಕಾಲು ಹಿಂದಕ್ಕೆ ಎಳೆಯುವುದು ಕಡಿಮೆ, ಹಾಗಾಗಿ ಪಾಸ್ ಹೊರಡುವುದು ಎದುರಾಳಿಗೆ ಮೊದಲೇ ಗೊತ್ತಾಗುವುದಿಲ್ಲ.

ಬಾಲ್ ನೆಲ ಮುಟ್ಟುವ ಮೊದಲೇ ರೊಡ್ರಿಗೊ ಅದನ್ನು ಗೋಲಿಗೆ ಸೇರಿಸಿದ. ಹೆಚ್ಚುವರಿ ಸಮಯದಲ್ಲಿ ಬೆಂಜೆಮಾ ಇನ್ನೊಂದು ಹೊಡೆದು ಮ್ಯಾಡ್ರಿಡ್ ಒಟ್ಟು 5–4ರಿಂದ ಉಳಿಯಿತು, ಮುಂದೆ ಕಪ್ಪನ್ನೂ ಗೆದ್ದಿತು. ದಾಖಲೆಯಲ್ಲಿ ಗೋಲು ರೊಡ್ರಿಗೊನದ್ದು. ಅದರ ಹಿಂದಿನ ಕೊನೆಯ ಪಾಸ್‌ಗೆ 'ಅಸಿಸ್ಟ್' ಅನ್ನುತ್ತಾರೆ, ಅದು ಮೊಡ್ರಿಚ್ ಖಾತೆಗೆ. ಅಸಿಸ್ಟ್‌ಗೂ ಹಿಂದಿನ ಪಾಸ್, ಅದಕ್ಕೂ ಹಿಂದೆ ಎದುರಾಳಿಯಿಂದ ಬಾಲ್ ಕಿತ್ತುಕೊಂಡದ್ದು, ಇವಕ್ಕೆಲ್ಲ ಸ್ಕೋರ್‌ಬೋರ್ಡಿನಲ್ಲಿ ಜಾಗವೇ ಇಲ್ಲ.

ಮತ್ತೆ ಆ 2018

ಕ್ರೊಯೇಷ್ಯಾದ ಜನಸಂಖ್ಯೆ 40 ಲಕ್ಷದ ಒಳಗೆ. ಬೆಂಗಳೂರಿನ ಅರ್ಧವೂ ಇಲ್ಲ. 1998ರಲ್ಲಿ ಮೊದಲ ಸಲ ವಿಶ್ವಕಪ್ ಆಡಿ ಮೂರನೇ ಸ್ಥಾನ ಪಡೆದಿತ್ತು. ಆ ತಂಡದಲ್ಲಿದ್ದ ಇಗೊರ್ ಸ್ಟಿಮಾಕ್ 2019ರಿಂದ 2024ರವರೆಗೆ ನಮ್ಮ ಭಾರತ ತಂಡದ ಕೋಚ್ ಆಗಿದ್ದವರು. ಫೈನಲ್ ತಲುಪಿದ್ದು ಮಾತ್ರ 2018ರಲ್ಲೇ, ಮೊಡ್ರಿಚ್ ನಾಯಕನಾಗಿದ್ದಾಗ.

ದಾರಿ ಸುಲಭ ಇರಲಿಲ್ಲ. ನಾಕೌಟ್ ಹಂತದಲ್ಲಿ 90 ನಿಮಿಷಕ್ಕೆ ಸಮ ಆದರೆ ಇನ್ನೂ 30 ನಿಮಿಷ ಆಡಿಸುತ್ತಾರೆ. ಆಗಲೂ ಸಮ ಆದರೆ ಪೆನಾಲ್ಟಿ. ಡೆನ್ಮಾರ್ಕ್, ರಷ್ಯಾ, ಇಂಗ್ಲೆಂಡ್, ಮೂರೂ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋದವು. ಲೆಕ್ಕ ಹಾಕಿ: ಫೈನಲ್‌ಗೆ ಬರುವ ಹೊತ್ತಿಗೆ ಕ್ರೊಯೇಷ್ಯಾ ಒಂದು ಇಡೀ ಪಂದ್ಯವನ್ನೇ ಜಾಸ್ತಿ ಆಡಿತ್ತು. ಮಿಡ್‌ಫೀಲ್ಡರ್ ಒಂದು ಪಂದ್ಯದಲ್ಲಿ 10–12 ಕಿಲೋಮೀಟರ್ ಓಡುತ್ತಾನೆ. ಆಗ ಮೊಡ್ರಿಚ್‌ಗೆ 32 ವರ್ಷ.

ಡೆನ್ಮಾರ್ಕ್ ಪಂದ್ಯ ಮುಗಿಯಲು ನಾಲ್ಕು ನಿಮಿಷ ಇರುವಾಗ ಅವನಿಗೆ ಪೆನಾಲ್ಟಿ ಸಿಕ್ಕಿತು. ಹೊಡೆದ. ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕಲ್ ಹಿಡಿದುಬಿಟ್ಟ. ಸ್ವಲ್ಪ ಹೊತ್ತಿಗೇ ಪೆನಾಲ್ಟಿ ಶೂಟೌಟ್. ಅದೇ ಗೋಲ್‌ಕೀಪರ್, ಅದೇ ಜಾಗ. ಮೊಡ್ರಿಚ್ ಮತ್ತೆ ಬಂದು ನಿಂತ. ಈ ಸಲ ಒಳಗೆ ಹೋಯಿತು.

ಅಮ್ಮನಿಗೆ ಅವತ್ತು ನಾನು ಹೇಳಬೇಕಿದ್ದ ಉತ್ತರ ಇದು. ಗೋಲ್ಡನ್ ಬಾಲ್ ಕೊಡುವುದು ಗೋಲು ಎಣಿಸಿ ಅಲ್ಲ. ಅತಿ ಹೆಚ್ಚು ಗೋಲು ಹೊಡೆದವನಿಗೆ 'ಗೋಲ್ಡನ್ ಬೂಟ್' ಅಂತ ಬೇರೆಯೇ ಇದೆ, ಆ ಸಲ ಅದು ಇಂಗ್ಲೆಂಡಿನ ಹ್ಯಾರಿ ಕೇನ್‌ಗೆ ಹೋಯಿತು. ಗೋಲ್ಡನ್ ಬಾಲ್ ಯಾರ ಆಟದ ಸುತ್ತ ತಂಡ ನಡೆಯಿತೋ ಅವನಿಗೆ.

ಅದೇ ಡಿಸೆಂಬರ್‌ನಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ 'ಬ್ಯಾಲನ್ ಡೋರ್' ಕೂಡ ಅವನಿಗೇ ಬಂತು. 2008ರಿಂದ 2017ರವರೆಗೆ ಹತ್ತು ವರ್ಷ ಅದು ಮೆಸ್ಸಿ ಮತ್ತು ರೊನಾಲ್ಡೊ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗ ಅದರ ಮಿಡ್‌ಫೀಲ್ಡರ್‌ಗಳಾದ ಇನಿಯೆಸ್ಟಾ, ಜಾವಿ ಕೂಡ ಎರಡು, ಮೂರನೇ ಸ್ಥಾನದಲ್ಲೇ ಉಳಿದಿದ್ದರು. ಮೊದಲ ಸ್ಥಾನ ಗೋಲು ಹೊಡೆಯುವ ಮೆಸ್ಸಿಗೆ.

ನಲವತ್ತಾದರೂ ಹೇಗೆ ಆಡ್ತಾನೆ?

ಫುಟ್‌ಬಾಲ್‌ನಲ್ಲಿ 34–35 ಅಂದರೆ ನಿವೃತ್ತಿ ಹತ್ತಿರ. ಮೊಡ್ರಿಚ್ 37ಕ್ಕೆ ಕತಾರ್ ವಿಶ್ವಕಪ್‌ನಲ್ಲಿ ತಂಡವನ್ನು ಮೂರನೇ ಸ್ಥಾನಕ್ಕೆ ಕರೆದೊಯ್ದ. 40 ತುಂಬುವಾಗ ಮಿಲಾನ್‌ನಲ್ಲಿ ಆಡುತ್ತಿದ್ದ. ಮೈ ಚೆನ್ನಾಗಿ ನೋಡಿಕೊಂಡದ್ದು ಒಂದು ಕಾರಣ, ಸರಿ. ಇನ್ನೊಂದು ಕಾರಣ ಕೆಲಸದ ಸ್ವಭಾವದಲ್ಲೇ ಇದೆ. ಮೈದಾನದ ಅಂಚಿನಲ್ಲಿ ಓಡುವ ವಿಂಗರ್‌ನ ಬಂಡವಾಳ ಕಾಲಿನ ವೇಗ. ವಯಸ್ಸಾದರೆ ಮೊದಲು ಹೋಗುವುದು ಅದೇ. ಬಾಲ್ ಬರುವ ಮೊದಲೇ ಮೂರು ಸಲ ತಿರುಗಿ ನೋಡುವವನಿಗೆ ಓಟದ ಪೈಪೋಟಿ ಅಷ್ಟಾಗಿ ಬೇಕಿಲ್ಲ. ಎದುರಾಳಿ ಹೊರಡುವ ಹೊತ್ತಿಗೆ ಅವನು ಅಲ್ಲಿರುತ್ತಾನೆ. ಮ್ಯಾಡ್ರಿಡ್‌ನ ಕೊನೆಯ ವರ್ಷಗಳಲ್ಲಿ ಅವನು ಎಷ್ಟೋ ಪಂದ್ಯಗಳಲ್ಲಿ ಮೊದಲಿಂದ ಆಡದೆ ದ್ವಿತೀಯಾರ್ಧದಲ್ಲಿ ಇಳಿಯುತ್ತಿದ್ದ. ಎದುರಾಳಿ ಸುಸ್ತಾಗಿ ಮೈದಾನದಲ್ಲಿ ಜಾಗ ತೆರೆದುಕೊಳ್ಳುವ ಹೊತ್ತು ಅದು. ನೋಡಬಲ್ಲವನಿಗೆ ಅದೇ ಸುಗ್ಗಿ.

ಲೈಪ್ಜಿಗ್‌ನ ರಾತ್ರಿ

2024ರ ಜೂನ್ 24, ಜರ್ಮನಿಯ ಲೈಪ್ಜಿಗ್, ಯೂರೋ ಕಪ್. ಇಟಲಿ ವಿರುದ್ಧ ಕ್ರೊಯೇಷ್ಯಾ ಗೆಲ್ಲಲೇಬೇಕು. ಮೊಡ್ರಿಚ್‌ಗೆ 38 ವರ್ಷ. 54ನೇ ನಿಮಿಷದಲ್ಲಿ ಪೆನಾಲ್ಟಿ. ಮತ್ತೆ ಗೋಲ್‌ಕೀಪರ್ ತಡೆದ. ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ಗೋಲ್‌ಕೀಪರ್ ತಡೆದ ಇನ್ನೊಂದು ಬಾಲ್ ಸಿಡಿದು ಬಂದದ್ದೇ ಇವನು ಹೊಡೆದು ಗೋಲು ಮಾಡಿದ. ಯೂರೋ ಕಪ್‌ನಲ್ಲಿ ಗೋಲು ಹೊಡೆದ ಅತಿ ಹಿರಿಯ ಆಟಗಾರ ಆದ. ಆಮೇಲೆ ಅವನನ್ನು ಹೊರಗೆ ಕರೆಸಿಕೊಂಡರು. 98ನೇ ನಿಮಿಷ, ಆಟದ ಕೊನೆಯ ಗಳಿಗೆ, ಇಟಲಿಯ ಝಕ್ಕಾನಿ ಬಾಲನ್ನು ಬಾಗಿಸಿ ಮೂಲೆಗೆ ಹಾಕಿದ. 1–1. ಇವನು ಬೆಂಚಿನಲ್ಲಿ ಕೂತು ನೋಡಿದ.

ಪಂದ್ಯದ ಆಟಗಾರ ಪ್ರಶಸ್ತಿ ಮೊಡ್ರಿಚ್‌ಗೇ ಬಂತು. ಅದನ್ನು ಕೈಯಲ್ಲಿ ಹಿಡಿದು ತೆಗೆಸಿಕೊಂಡ ಫೋಟೊವನ್ನು ಬೆಳಿಗ್ಗೆ ಕಾಫಿ ಹೊತ್ತಲ್ಲಿ ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು.

"ಅದೇ ಹುಡುಗ ಅಲ್ವಾ? ಮತ್ತೆ ಸೋತ್ನಾ?"

"ಇಲ್ಲ, ಡ್ರಾ ಆಯ್ತು."

"ಗೋಲು?"

"ಒಂದು ಹೊಡೆದ."

"ಮತ್ತೆ ಮುಖ ಯಾಕೆ ಹಂಗಿಟ್ಕೊಂಡಿದಾನೆ," ಅಂದವರು, ಲೋಟ ಕೆಳಗಿಟ್ಟು ಫೋಟೊವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದರು.